ಹರಿಯುವಾಗಲೇ ಅಳೆಯಬೇಕು

ನಾನು ಕಡ್ಡಿರಾಂಪುರದವನು. ಹೊಸಪೇಟೆಯಿಂದ ಹಂಪಿಗೆ ಹೊರಟರೆ ಅನಂತಶಯನಗುಡಿ ದಾಟಿದ ಮೇಲೆ ನಮ್ಮೂರು ಸಿಗುತ್ತದೆ. ಹಂಪಿ ನೋಡುವ ಅವಸರದಲ್ಲಿ ಬಂದವರು ಬಸ್ಸಿನ ಕಿಟಕಿಯಿಂದಲೇ ನಮ್ಮೂರನ್ನು ನೋಡಿ ಮುಂದೆ ಹೋಗುತ್ತಾರೆ. ಬಾಳೆ ತೋಟ, ಹಳೆಯ ಗೋರಿಗಳು, ಬಂಡೆಗಳ ರಾಶಿ ಅವರ ಕಣ್ಣಿಗೆ ಬೀಳುತ್ತವೆ. ಈ ಬಂಡೆಗಳ ನಡುವೆ ಬಾಳೆಗೆ ನೀರು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ವಿಜಯನಗರದ ಅರಸರ ಕಾಲದ ಕಾಲುವೆಗಳು ನಮ್ಮ ಭಾಗದಲ್ಲಿ ಇಂದಿಗೂ ಹರಿಯುತ್ತಿವೆ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ. ಈ ಹೆಸರುಗಳು ನಮಗೆ ನೆಂಟರ ಹೆಸರುಗಳಷ್ಟೇ ಬಳಕೆಯವು.

ನಮ್ಮ ತಾತ ನೀರುಗಂಟಿಯಾಗಿದ್ದರು. ಯಾವ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ಕೆಲಸ. ಹೆಗಲ ಮೇಲೆ ಸಲಿಕೆ, ಕೈಯಲ್ಲಿ ಕಂದೀಲು. ಸರದಿ ಬಂದವರ ಮಡೆ ತೆಗೆಯುವುದು, ಸರದಿ ಮುಗಿದವರ ಮಡೆ ಕಟ್ಟುವುದು. ಚಿಕ್ಕವನಿದ್ದಾಗ ನಾನು ಒಮ್ಮೆ ಕೇಳಿದ್ದೆ. ತಾತಾ, ಮಡೆ ತೆಗೆದು ಮನೆಗೆ ಬಂದು ಮಲಗಬಾರದೇ, ಹೊತ್ತಾದ ಮೇಲೆ ಹೋಗಿ ಕಟ್ಟಿದರಾಯಿತಲ್ಲ? ತಾತ ಹೇಳಿದ್ದು ಇಷ್ಟೇ. "ನೀರು ಹೋದ ಮೇಲೆ ಹೋಗಿ ಏನು ನೋಡ್ತೀಯಪ್ಪಾ, ಕೆಸರು?"

ನನ್ನ ಕೆಲಸ ಕಂಪ್ಯೂಟರಿನದು. ಬೆಂಗಳೂರಿನಲ್ಲಿ ಹಲವು ವರ್ಷ ದೊಡ್ಡ ಕಂಪ್ಯೂಟರ್ ಕೂಟಗಳನ್ನು ನೋಡಿಕೊಂಡಿದ್ದೇನೆ. ಅವುಗಳನ್ನು ಕ್ಲಸ್ಟರ್ ಎನ್ನುತ್ತಾರೆ. ಕ್ಲಸ್ಟರಿನಲ್ಲಿ ಓಡುತ್ತಿರುವ ಲೆಕ್ಕವನ್ನು, ಅದು ಓಡುತ್ತಿರುವಾಗಲೇ, ಹೇಗೆ ನೋಡಬೇಕು, ಏಕೆ ನೋಡಬೇಕು? ಇವತ್ತಿನ ನನ್ನ ಮಾತು ಇದೊಂದರ ಬಗ್ಗೆಯೇ. ಹೊಸಪೇಟೆ, ಸಂಡೂರು, ಕಂಪ್ಲಿಯ ಎಷ್ಟೋ ಮನೆಗಳ ಮಕ್ಕಳು ಎಂಜಿನಿಯರಿಂಗ್ ಓದುತ್ತಿದ್ದಾರೆ, ಸಂಶೋಧನೆ ಮಾಡುತ್ತಿದ್ದಾರೆ. ಅವರು ಕೇಳಲಿ ಎಂದು ಹೇಳುತ್ತಿದ್ದೇನೆ. ಅವರ ತಂದೆ ತಾಯಿಯರಿಗೂ ಅರ್ಥವಾಗುವ ಹಾಗೆ ಹೇಳಬೇಕೆಂಬುದು ನನ್ನ ಆಸೆ.

ಮೊದಲು ಕ್ಲಸ್ಟರ್ ಎಂದರೆ ಏನು, ಅದನ್ನು ಹೇಳುತ್ತೇನೆ.

ನಿಮ್ಮ ಮನೆಯಲ್ಲಿರುವುದು ಒಂದು ಕಂಪ್ಯೂಟರ್. ಅಂಥ ನೂರಾರು ಗಟ್ಟಿ ಕಂಪ್ಯೂಟರ್‌ಗಳನ್ನು ಬೀರುಗಳಲ್ಲಿ ಜೋಡಿಸಿ, ವೇಗದ ತಂತಿಗಳಿಂದ ಒಂದಕ್ಕೊಂದು ಕಟ್ಟಿದರೆ ಅದೇ ಕ್ಲಸ್ಟರ್. ಒಳಗಿನ ಒಂದೊಂದು ಕಂಪ್ಯೂಟರಿಗೆ ನೋಡ್ ಎಂದು ಹೆಸರು. ಒಂದು ನೋಡಿನೊಳಗೆ ಲೆಕ್ಕ ಮಾಡುವ ಕೈಗಳು ಹತ್ತಾರು ಇರುತ್ತವೆ. ಆ ಕೈಗಳಿಗೆ ಕೋರ್ ಎನ್ನುತ್ತಾರೆ. ಕರ್ನಾಟಕದಲ್ಲಿ ಇದರ ದೊಡ್ಡ ಉದಾಹರಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ನಮ್ಮ ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಅಲ್ಲಿ 2015ರಲ್ಲಿ ಸಹಸ್ರಟಿ ಎಂಬ ಯಂತ್ರ ಬಂತು. ಅದರಲ್ಲಿ 33 ಸಾವಿರ ಕೋರ್‌ಗಳಿದ್ದವು. 2022ರ ಆರಂಭದಲ್ಲಿ ಪರಮ್ ಪ್ರವೇಗ ಬಂತು. ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ ಸಿ-ಡ್ಯಾಕ್ ಕಟ್ಟಿಕೊಟ್ಟ ಯಂತ್ರ ಅದು. ಸುಮಾರು 620 ನೋಡ್‌ಗಳು. ಅದರ ಗರಿಷ್ಠ ಶಕ್ತಿ 3.3 ಪೆಟಾಫ್ಲಾಪ್. ಎಂದರೆ ಒಂದು ಸೆಕೆಂಡಿನಲ್ಲಿ ಮೂರು ಸಾವಿರ ಲಕ್ಷ ಕೋಟಿ ಲೆಕ್ಕಕ್ಕೂ ಮಿಕ್ಕು. ಇದಕ್ಕೂ ಬಹಳ ಹಿಂದೆ, 1986ರಲ್ಲೇ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿದ್ದರು. ಅದರಲ್ಲಿದ್ದದ್ದು ಬೆರಳೆಣಿಕೆಯ ಪ್ರೊಸೆಸರ್‌ಗಳು. ಈ ಕೆಲಸ ನಮ್ಮ ನಾಡಿಗೆ ಹೊಸದಲ್ಲ ಎಂದು ತಿಳಿಯಲಿ ಎಂದು ಇಷ್ಟು ಹೇಳಿದೆ.

ಇಂಥ ಯಂತ್ರದ ಮುಂದೆ ಯಾರೂ ಕೂತು ಕೆಲಸ ಮಾಡುವುದಿಲ್ಲ. ದೂರದಿಂದ ಒಂದು ಅರ್ಜಿ ಕಳಿಸುತ್ತಾರೆ. ನನಗೆ ಇಷ್ಟು ಕೋರ್ ಬೇಕು, ಇಷ್ಟು ಮೆಮೊರಿ ಬೇಕು, ಇಷ್ಟು ಗಂಟೆ ಬೇಕು. ಈ ಅರ್ಜಿಯೂ ಅದರೊಳಗಿನ ಲೆಕ್ಕವೂ ಸೇರಿ ಒಂದು ಜಾಬ್. ಅರ್ಜಿಗಳನ್ನು ಸಾಲಿನಲ್ಲಿ ನಿಲ್ಲಿಸಿ, ಜಾಗ ಖಾಲಿಯಾದಂತೆ ಒಳಗೆ ಬಿಡುವ ಒಂದು ತಂತ್ರಾಂಶ ಇರುತ್ತದೆ. ಬಹಳ ಕಡೆ ಬಳಕೆಯಲ್ಲಿರುವುದರ ಹೆಸರು ಸ್ಲರ್ಮ್. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಪರಮ್ ಪ್ರವೇಗದಲ್ಲೂ ಅದೇ ಇದೆ.

ಕಂಪ್ಯೂಟರ್‌ಗಳ ಕೂಟ ಕ್ಲಸ್ಟರ್. ಅದರೊಳಗೆ ಕಳಿಸುವ ಕೆಲಸ ಜಾಬ್. ಸರದಿ ನೋಡುವ ನೀರುಗಂಟಿ ಸ್ಲರ್ಮ್. ಈ ಮೂರು ನೆನಪಿರಲಿ. ಈಗ ಮುಂದಿನ ಮಾತು. ಜಾಬ್ ಓಡುವಾಗ ನೋಡುವುದಾದರೂ ಏನನ್ನು?

ಮಳೆಗಾಲದಲ್ಲಿ ನೀವು ರೇಡಿಯೋದಲ್ಲಿ ಕೇಳುತ್ತೀರಿ. ತುಂಗಭದ್ರಾ ಜಲಾಶಯದ ಇಂದಿನ ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಸಾವಿರ ಕ್ಯೂಸೆಕ್, ಹೊರಹರಿವು ಇಷ್ಟು ಸಾವಿರ ಕ್ಯೂಸೆಕ್. ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಇದು ನಮ್ಮ ಮಕ್ಕಳಿಗೂ ಗೊತ್ತು. ಇಲ್ಲಿ ಎರಡು ಬಗೆಯ ಅಂಕಿಗಳಿವೆ. ಒಂದು ಮಟ್ಟ, ಇನ್ನೊಂದು ಹರಿವು. ಮಟ್ಟ ಎಂದರೆ ಈಗ ಎಷ್ಟು ತುಂಬಿದೆ ಎಂಬುದು. ಹರಿವು ಎಂದರೆ ಕ್ಷಣಕ್ಷಣಕ್ಕೆ ಎಷ್ಟು ಹೋಗುತ್ತಿದೆ ಎಂಬುದು.

ಜಾಬ್‌ನಲ್ಲೂ ಇವೇ ಎರಡು. ಮೆಮೊರಿ ಎನ್ನುವುದು ಮಟ್ಟ. ಅಂಚಿನವರೆಗೆ ತುಂಬಿದರೆ ಅನಾಹುತ. ಕೋರ್‌ಗಳ ದುಡಿಮೆ ಎನ್ನುವುದು ಹರಿವು. ಅದನ್ನು ಕೂಡಿಡಲು ಬರುವುದಿಲ್ಲ. ಈ ಗಂಟೆ ಸುಮ್ಮನೆ ಕೂತ ಕೋರ್ ಮುಂದಿನ ಗಂಟೆ ಎರಡರಷ್ಟು ದುಡಿಯಲಾರದು. ನದಿಗೆ ಬಿಟ್ಟ ನೀರು ತಿರುಗಿ ಬಾರದ ಹಾಗೆ ಅದು ಹೋಯಿತೆಂದರೆ ಹೋಯಿತು. ಸುಮಾರು 11,500 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಹಾಗೆಯೇ 48 ಕೋರ್‌ಗಳು 10 ಗಂಟೆ ನಿಮ್ಮ ಹೆಸರಿನಲ್ಲಿದ್ದರೆ 480 ಕೋರ್-ಗಂಟೆ ನಿಮ್ಮ ಖಾತೆಗೆ ಖರ್ಚು. ನೀವು ದುಡಿಸಿಕೊಂಡರೂ ಖರ್ಚು, ಬಿಟ್ಟರೂ ಖರ್ಚು.

ಮಟ್ಟ, ಹರಿವು. ಈ ಎರಡರಲ್ಲಿ ಮೊದಲು ಮಟ್ಟದ ಮಾತು, ಎಂದರೆ ಮೆಮೊರಿಯ ಮಾತು. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಓಡುತ್ತಿರುವ ಜಾಬ್ ನಡುದಾರಿಯಲ್ಲಿ ಸಾಯುವುದು ಬಹಳ ಸಲ ಇದರಿಂದಲೇ.

ನಾನು ಕೆಲಸ ಮಾಡಿದ ಒಂದು ಕಡೆ ಸಂಶೋಧನೆಗೆ ಒಬ್ಬ ಹುಡುಗಿ ಬಂದಿದ್ದಳು. ನಮ್ಮ ಕಡೆಯವಳೇ, ಕಂಪ್ಲಿ ಸೀಮೆಯವಳು. ಮಲೆನಾಡಿನಲ್ಲಿ ಬಿದ್ದ ಮಳೆಯ 40 ವರ್ಷಗಳ ಲೆಕ್ಕವನ್ನು ಅವಳು ಮಾಡುತ್ತಿದ್ದಳು. ತುಂಗೆ, ಭದ್ರೆಯರಿಗೆ ನೀರು ಬರುವುದು ಅಲ್ಲಿಂದ ತಾನೇ? ಊರಿನಲ್ಲಿ ಅಪ್ಪನಿಗೆ ಭತ್ತದ ಗದ್ದೆ ಇದೆ ಎಂದು ಹೇಳಿದ್ದಳು. ಆ ಲೆಕ್ಕ ಅವಳಿಗೆ ಬರಿಯ ಲೆಕ್ಕವಾಗಿರಲಿಲ್ಲ.

ಅವಳು ಒಂದು ಇಡೀ ನೋಡ್ ಕೇಳಿದ್ದಳು. ನಮ್ಮ ನೋಡ್‌ಗಳಲ್ಲಿ 192 ಜಿಬಿ ಮೆಮೊರಿ. ಪ್ರೋಗ್ರಾಂ ಒಂದೊಂದೇ ವರ್ಷದ ಮಳೆಯ ಅಂಕಿಗಳನ್ನು ಓದುತ್ತಿತ್ತು. ಒಂದು ವರ್ಷಕ್ಕೆ ಸುಮಾರು 6 ಜಿಬಿ. ಒಂದು ವರ್ಷದ ಲೆಕ್ಕ ಮುಗಿಸಲು ಎರಡೂವರೆ ಗಂಟೆಯ ಹತ್ತಿರ. ಮುಗಿದ ವರ್ಷದ ಅಂಕಿಗಳನ್ನು ಮೆಮೊರಿಯಿಂದ ಕೆಳಗಿಳಿಸಬೇಕಿತ್ತು. ಪ್ರೋಗ್ರಾಂನಲ್ಲಿ ಆ ಒಂದು ಸಾಲು ಬಿಟ್ಟುಹೋಗಿತ್ತು.

ನನ್ನ ಕೋಣೆಯಲ್ಲಿ ಒಂದು ಪರದೆ ಇತ್ತು. ಯಾವ ನೋಡ್‌ನಲ್ಲಿ ಎಷ್ಟು ಮೆಮೊರಿ ತುಂಬಿದೆ ಎಂದು ಅದರಲ್ಲಿ ಗೆರೆ ಎಳೆದು ತೋರಿಸುತ್ತಿತ್ತು. ನೀವು ಅದನ್ನು ನೋಡಲಾರಿರಿ, ನಾನು ಹೇಳುತ್ತೇನೆ. ಸರಿಯಾಗಿ ಓಡುವ ಜಾಬ್‌ನ ಗೆರೆ ಮೊದಲು ಏರಿ ಆಮೇಲೆ ಸಮವಾಗಿ ಸಾಗುತ್ತದೆ, ಗಾಳಿಯಿಲ್ಲದ ದಿನ ಕಮಲಾಪುರದ ಕೆರೆಯ ನೀರಿನ ಹಾಗೆ. ಓದಿ, ಮುಗಿಸಿ, ಬಿಡುವ ಜಾಬ್‌ನ ಗೆರೆ ಗರಗಸದ ಹಲ್ಲಿನ ಹಾಗೆ ಏರುತ್ತದೆ, ಇಳಿಯುತ್ತದೆ. ಇವಳ ಜಾಬ್‌ನ ಗೆರೆ ಮಾತಂಗ ಬೆಟ್ಟದ ಮೆಟ್ಟಿಲಿನ ಹಾಗಿತ್ತು. ಒಂದು ಮೆಟ್ಟಿಲು, ಸ್ವಲ್ಪ ದೂರ ಸಮ. ಮತ್ತೊಂದು ಮೆಟ್ಟಿಲು, ಮತ್ತೆ ಸಮ. ಇಳಿಯುವುದೇ ಇಲ್ಲ.

ಎರಡನೆಯ ದಿನ ಆ ಮೆಟ್ಟಿಲುಗಳು ನನ್ನ ಕಣ್ಣಿಗೆ ಬಿದ್ದವು. ಆಗ 20 ವರ್ಷಗಳ ಲೆಕ್ಕ ಆಗಿತ್ತು, 120 ಜಿಬಿ ತುಂಬಿತ್ತು. ಒಂದು ಗುಣಾಕಾರ ಮಾಡಿದ್ದರೆ ಸಾಕಿತ್ತು. 40 ವರ್ಷಕ್ಕೆ 240 ಜಿಬಿ ಬೇಕು, ಇರುವುದು 192. ಈ ಜಾಬ್ ದಡ ಸೇರುವುದಿಲ್ಲ. ನಾನು ಆ ಗುಣಾಕಾರ ಮಾಡಿದೆ. ಫೋನ್ ಮಾಡಲಿಲ್ಲ. ಅವರವರ ಜಾಬ್ ಅವರವರ ಜವಾಬ್ದಾರಿ ಎನ್ನುವುದು ಅಲ್ಲಿನ ರೂಢಿ. ಆ ರೂಢಿಯನ್ನು ನಾನೂ ಪಾಲಿಸಿದೆ. ಮೂರನೆಯ ದಿನ ರಾತ್ರಿ, 31ನೆಯ ವರ್ಷದ ಲೆಕ್ಕದ ನಡುವೆ, ಜಾಬ್ ಸತ್ತಿತು.

ಬೆಳಿಗ್ಗೆ ಅವಳು ಬಂದಳು. "ಸರ್, ಮೂರು ದಿನ ಓಡಿದ್ದು ಹೋಯ್ತು. ನನ್ನ ಪ್ರೋಗ್ರಾಂ ತಪ್ಪಾ ಸರ್, ಮಿಷಿನ್ ತಪ್ಪಾ?" ಎಂದು ಕೇಳಿದಳು. "ಮೆಮೊರಿ ತುಂಬ್ತಾ ಇದ್ದದ್ದು ನಾನು ನೋಡಿದ್ದೆನಮ್ಮಾ. ನಿನಗೆ ಹೇಳಬೇಕಿತ್ತು," ಎಂದೆ. ಅವಳು ಏನೂ ಅನ್ನಲಿಲ್ಲ. ಆ ದಿನ ಇಬ್ಬರೂ ಕೂತು ಆ ಒಂದು ಸಾಲು ಸೇರಿಸಿದೆವು. ಅದೇ ಲೆಕ್ಕ 10 ಜಿಬಿಯೊಳಗೆ ಓಡಿತು. ಇಡೀ ನೋಡ್ ಬೇಕಾಗಿರಲೇ ಇಲ್ಲ. 10 ಜಿಬಿ ಸಾಕು ಎಂದಾದ ಮೇಲೆ ಹತ್ತು ವರ್ಷಗಳ ಲೆಕ್ಕವನ್ನು ಪಕ್ಕಪಕ್ಕದಲ್ಲೇ ಓಡಿಸಲು ಬಂತು. ನಾಲ್ಕು ದಿನದ ಕೆಲಸ ಅರ್ಧ ದಿನದೊಳಗೆ ಮುಗಿಯಿತು. ಅಂದಿನಿಂದ ನಾನು ಮೆಟ್ಟಿಲು ಕಂಡರೆ ಫೋನ್ ಮಾಡುತ್ತಿದ್ದೆ. ರಾತ್ರಿಯಾದರೂ ಮಾಡುತ್ತಿದ್ದೆ.

ಜಾಬ್ ಸತ್ತದ್ದು ಹೇಗೆ ಎಂದು ನೀವು ಕೇಳಬಹುದು. ಗದ್ದೆಗಳ ನಡುವೆ ಬದು ಇರುತ್ತದೆ. ನಿಮ್ಮ ಗದ್ದೆಯ ನೀರು ಪಕ್ಕದವರ ಗದ್ದೆಗೆ ನುಗ್ಗದಿರಲಿ ಎಂದು. ಲಿನಕ್ಸ್ ಎಂಬ ವ್ಯವಸ್ಥೆಯಲ್ಲೂ ಅಂಥ ಬದು ಇದೆ. ಸಿ-ಗ್ರೂಪ್ ಎಂದು ಅದರ ಹೆಸರು. ಗೂಗಲ್‌ನ ಎಂಜಿನಿಯರ್‌ಗಳು ಶುರು ಮಾಡಿದ್ದು, 2008ರಲ್ಲಿ ಲಿನಕ್ಸ್‌ಗೆ ಸೇರಿತು. ಒಂದೇ ನೋಡ್‌ನಲ್ಲಿ ನಾಲ್ಕು ಜನರ ಜಾಬ್ ಇದ್ದರೂ ಪ್ರತಿಯೊಂದರ ಸುತ್ತ ಒಂದು ಬದು. ನೀವು ಕೇಳಿದ್ದು 10 ಜಿಬಿ, ಜಾಬ್ ಅದನ್ನು ದಾಟಲು ಹೊರಟಿತು ಎಂದರೆ ವ್ಯವಸ್ಥೆ ಆ ಜಾಬ್ ಅನ್ನು ಅಲ್ಲೇ ಕೊಂದುಬಿಡುತ್ತದೆ. ಕ್ರೂರ ಅನಿಸಬಹುದು. ಆದರೆ ಆ ಬದು ಇಲ್ಲದ ಕಾಲವನ್ನೂ ನಾನು ನೋಡಿದ್ದೇನೆ. ಒಬ್ಬರ ಜಾಬ್ ತುಂಬಿ ತುಳುಕಿದರೆ ನಾಲ್ವರ ಜಾಬ್ ಕೊಚ್ಚಿಕೊಂಡು ಹೋಗುತ್ತಿತ್ತು.

ಮೆಮೊರಿ ಮಟ್ಟವಿದ್ದ ಹಾಗೆ, ಅದು ಏರುವ ಬಗೆಯನ್ನು ಜಾಬ್ ಓಡುವಾಗಲೇ ನೋಡಿದರೆ ಮುಂದಾಗುವುದನ್ನು ಮೊದಲೇ ಹೇಳಬಹುದು ಎಂದೆ. ಇನ್ನು, ಅದನ್ನು ನೋಡುವುದು ಹೇಗೆ?

ಸ್ಲರ್ಮ್ ಇರುವ ಕಡೆ ಇದಕ್ಕೆ ಎರಡು ಕಮಾಂಡ್‌ಗಳಿವೆ. ಒಂದು ಎಸ್-ಸ್ಟ್ಯಾಟ್, ಇನ್ನೊಂದು ಎಸ್-ಅಕ್ಟ್. ಎಸ್-ಸ್ಟ್ಯಾಟ್ ಓಡುತ್ತಿರುವ ಜಾಬ್‌ನ ಅಂಕಿಗಳನ್ನು ಹೇಳುತ್ತದೆ. ಎಸ್-ಅಕ್ಟ್ ಖಾತೆಯ ಪುಸ್ತಕವಿದ್ದ ಹಾಗೆ, ಮುಗಿದ ಜಾಬ್‌ನ ಲೆಕ್ಕವನ್ನೂ ತೆಗೆದುಕೊಡುತ್ತದೆ. ಬಹಳ ಮಂದಿ ವಿದ್ಯಾರ್ಥಿಗಳಿಗೆ ಎರಡನೆಯದು ಗೊತ್ತು, ಮೊದಲನೆಯದು ಗೊತ್ತಿಲ್ಲ. ತಾತ ಹೇಳಿದ ಕೆಸರು ನನಗೆ ನೆನಪಾಗುವುದು ಆಗಲೇ.

ಎಸ್-ಸ್ಟ್ಯಾಟ್ ಬಳಸುವವರು ಒಂದು ಸಂಗತಿ ತಿಳಿದಿರಬೇಕು. ಸ್ಲರ್ಮ್ ನಿಮ್ಮ ಜಾಬ್ ಅನ್ನು ಎಡೆಬಿಡದೆ ನೋಡುತ್ತಿರುವುದಿಲ್ಲ. ಬೇರೆ ಏನೂ ಹೇಳದಿದ್ದರೆ ಅರ್ಧ ನಿಮಿಷಕ್ಕೊಮ್ಮೆ ಬಂದು ಇಣುಕಿ ಹೋಗುತ್ತದೆ. ಎರಡು ಇಣುಕುಗಳ ನಡುವೆ ಮೆಮೊರಿ ಥಟ್ಟನೆ ಏರಿ, ಜಾಬ್ ಸತ್ತರೆ, ಪುಸ್ತಕದಲ್ಲಿ ಆ ಏರಿಕೆ ಇರುವುದೇ ಇಲ್ಲ. ಕೇಳಿದ್ದು 10 ಜಿಬಿ, ಬರೆದಿರುವುದು 7 ಜಿಬಿ, ಆದರೂ ಮೆಮೊರಿ ಮುಗಿದು ಸತ್ತಿತು ಎಂಬ ಒಕ್ಕಣೆ. ವಿದ್ಯಾರ್ಥಿ ಗೊಂದಲಕ್ಕೆ ಬೀಳುತ್ತಾನೆ. ಯಂತ್ರ ಸುಳ್ಳು ಹೇಳುತ್ತಿದೆ ಎಂದುಕೊಳ್ಳುತ್ತಾನೆ. ನೀರುಗಂಟಿ ಆ ಕಡೆ ಹೋದಾಗ ಈ ಕಡೆ ಮಡೆ ಒಡೆದದ್ದು, ಅಷ್ಟೇ. ಇಂಥ ಕಡೆ ಇಣುಕುವ ಅಂತರವನ್ನು ಕಡಿಮೆ ಮಾಡಿಕೊಳ್ಳಬಹುದು. ಇಲ್ಲವೇ ಪ್ರೋಗ್ರಾಂ ತಾನೇ ಆಗಾಗ ತನ್ನ ಮೆಮೊರಿ ಎಷ್ಟೆಂದು ಬರೆದಿಡುವ ಹಾಗೆ ಮಾಡಬಹುದು. ನನಗೆ ಎರಡನೆಯದು ಹೆಚ್ಚು ಇಷ್ಟ. ಯಾವ ಹೆಜ್ಜೆಯಲ್ಲಿ ಏರಿತು ಎಂಬುದೂ ಅದರಿಂದ ಗೊತ್ತಾಗುತ್ತದೆ.

ಇಲ್ಲಿಗೆ ಮಟ್ಟದ ಮಾತು ಮುಗಿಯಿತು. ಈಗ ಹರಿವಿನ ಮಾತು. ಕೋರ್‌ಗಳು ನಿಜವಾಗಿ ದುಡಿಯುತ್ತಿವೆಯೇ?

ಒಂದು ಲೆಕ್ಕ ಹಾಕೋಣ. ಒಬ್ಬರು 48 ಕೋರ್ ಕೇಳಿದರು, 10 ಗಂಟೆ ಓಡಿಸಿದರು. ಆಗಲೇ ಹೇಳಿದೆ, ಅದು 480 ಕೋರ್-ಗಂಟೆ. ಅದರಲ್ಲಿ ಕೋರ್‌ಗಳು ನಿಜವಾಗಿ ದುಡಿದ ಹೊತ್ತನ್ನು ಕೂಡಿಸಿದರೆ 10 ಗಂಟೆ ಬಂತು ಎನ್ನಿ. ಏನಾಗಿದೆ? ಒಂದು ಕೋರ್ ದುಡಿದಿದೆ. ಉಳಿದ 47 ಸುಮ್ಮನೆ ಕೂತಿವೆ. ಇದು ನಾನು ಅತಿ ಹೆಚ್ಚು ನೋಡಿದ ತಪ್ಪು. 48 ಕೋರ್ ಕೇಳಿಬಿಟ್ಟರೆ ಪ್ರೋಗ್ರಾಂ 48 ಪಟ್ಟು ವೇಗವಾಗುತ್ತದೆ ಎಂದು ಮಕ್ಕಳು ನಂಬಿರುತ್ತಾರೆ. ಕೆಲಸ ಹಂಚಿಕೊಳ್ಳಲು ಪ್ರೋಗ್ರಾಂಗೆ ಬರೆದವರು ಹೇಳಿಕೊಟ್ಟಿರಬೇಕು. ಹೇಳಿಕೊಡದಿದ್ದರೆ ಅದು ಒಂದೇ ಕೈಯಲ್ಲಿ ನಾಟಿ ಮಾಡುತ್ತಲೇ ಇರುತ್ತದೆ, 47 ಆಳು ಬದುವಿನ ಮೇಲೆ ಕೂತಿರುತ್ತಾರೆ, ಕೂಲಿ ಎಲ್ಲರಿಗೂ.

ಜಾಬ್ ಶುರುವಾದ ಹತ್ತು ನಿಮಿಷಕ್ಕೆ ಒಂದು ಸಲ ನೋಡಿದರೆ ಇದು ಗೊತ್ತಾಗುತ್ತದೆ. ಆ ನೋಡ್‌ಗೆ ಹೋಗಿ ಟಾಪ್ ಎಂಬ ಕಮಾಂಡ್ ಕೊಡಬೇಕು. ಟಾಪ್‌ನಲ್ಲಿ ಒಂದು ಕೋರ್‌ನ ಪೂರ್ತಿ ದುಡಿಮೆ ಎಂದರೆ ನೂರು. ನಿಮ್ಮ ಪ್ರೋಗ್ರಾಂ ಮುಂದೆ 4,800ರ ಹತ್ತಿರದ ಅಂಕಿ ಇದ್ದರೆ 48 ಕೋರ್‌ಗಳೂ ದುಡಿಯುತ್ತಿವೆ. ಅಥವಾ ಒಂದೊಂದೂ ನೂರರ ಹತ್ತಿರ ಇರುವ 48 ಸಾಲುಗಳು ಕಾಣಬೇಕು. ಬರೀ ಒಂದು ನೂರು ಕಂಡರೆ ಜಾಬ್ ನಿಲ್ಲಿಸಿ. ಹತ್ತು ನಿಮಿಷ ಹೋಯಿತು, ಹತ್ತು ಗಂಟೆ ಉಳಿಯಿತು.

ಇಲ್ಲೊಂದು ಎಚ್ಚರ. ನೂರು ಕಂಡ ಮಾತ್ರಕ್ಕೆ ಕೆಲಸ ಆಗುತ್ತಿದೆ ಎಂದು ನಂಬಬೇಡಿ. ಬೋರ್‌ವೆಲ್ ಬತ್ತಿದಾಗ ಮೋಟಾರು ಓಡುತ್ತಲೇ ಇರುತ್ತದೆ. ಶಬ್ದ ಬರುತ್ತದೆ, ಕರೆಂಟು ಎಳೆಯುತ್ತದೆ, ಪೈಪಿನಲ್ಲಿ ನೀರಿಲ್ಲ. ಹತ್ತಾರು ನೋಡ್‌ಗಳಲ್ಲಿ ಒಟ್ಟಿಗೆ ಓಡುವ ಪ್ರೋಗ್ರಾಂಗಳಲ್ಲೂ ಹೀಗಾಗುತ್ತದೆ. ಒಂದು ಕೋರ್ ಇನ್ನೊಂದರ ಉತ್ತರಕ್ಕೆ ಕಾಯುತ್ತಿರುತ್ತದೆ. ಬಂತಾ, ಬಂತಾ ಎಂದು ಬಿಡುವಿಲ್ಲದೆ ಕೇಳುತ್ತಲೇ ಕಾಯುತ್ತದೆ. ಆ ಕೇಳುವಿಕೆಯೂ ದುಡಿಮೆಯಾಗಿ ಲೆಕ್ಕಕ್ಕೆ ಸೇರುತ್ತದೆ. ಟಾಪ್ ನೂರು ಎನ್ನುತ್ತದೆ. ಹಾಗಾಗಿ ಮೋಟಾರಿನ ಶಬ್ದದ ಜೊತೆಗೆ ನೀರನ್ನೂ ನೋಡಬೇಕು. ಪ್ರೋಗ್ರಾಂ ಬರೆದಿಡುವ ಉತ್ತರದ ಕಡತ ಬೆಳೆಯುತ್ತಿದೆಯೇ? ಒಂದು ಹೆಜ್ಜೆಗೆ ನಿನ್ನೆ ಎಷ್ಟು ಸೆಕೆಂಡು ಹಿಡಿಯುತ್ತಿತ್ತು, ಇವತ್ತು ಎಷ್ಟು? 4 ನೋಡ್‌ಗಳಲ್ಲಿ ಓಡಿದ್ದನ್ನು 8 ನೋಡ್‌ಗಳಿಗೆ ಏರಿಸಿದಾಗ ಹೊತ್ತು ಅರ್ಧದ ಹತ್ತಿರ ಬಂತೇ? ಬರದಿದ್ದರೆ ಹೆಚ್ಚಿನ ನಾಲ್ಕು ನೋಡ್‌ಗಳು ಕಾಯುವುದರಲ್ಲೇ ಕಾಲ ಕಳೆಯುತ್ತಿವೆ.

ಜಿಪಿಯು ಎಂಬ ಚಿಪ್‌ಗಳ ಮಾತೂ ಇದೇ. ಕೃತಕ ಬುದ್ಧಿಮತ್ತೆಯ ಕೆಲಸಕ್ಕೆ ಎಲ್ಲರಿಗೂ ಅವು ಬೇಕು. ಪರಮ್ ಪ್ರವೇಗದ 620 ನೋಡ್‌ಗಳಲ್ಲಿ ಜಿಪಿಯು ಇರುವವು 40. ಒಂದೊಂದರಲ್ಲಿ ಎರಡೆರಡು. ಅಷ್ಟು ಕಡಿಮೆ ಇರುವುದನ್ನು ಹಿಡಿದುಕೊಂಡು ಬಳಸದೆ ಇಡುವುದು ಬೇಸಿಗೆಯಲ್ಲಿ ನಲ್ಲಿ ತಿರುಗಿಸಿ ಬಿಟ್ಟು ಹೋದ ಹಾಗೆ. ಎನ್‌ವಿಡಿಯಾ-ಎಸ್‌ಎಂಐ ಎಂಬ ಕಮಾಂಡ್ ಕೊಟ್ಟರೆ ಜಿಪಿಯು ಶೇಕಡಾ ಎಷ್ಟು ಹೊತ್ತು ದುಡಿಯುತ್ತಿದೆ ಎಂದು ಹೇಳುತ್ತದೆ. ಮತ್ತೆ ಮತ್ತೆ ನೋಡಿದರೂ ಸೊನ್ನೆಯೇ ಬಂದರೆ ನಿಮ್ಮ ಪ್ರೋಗ್ರಾಂ ಜಿಪಿಯುವನ್ನು ದುಡಿಸಿಕೊಳ್ಳುತ್ತಿಲ್ಲ.

ಇನ್ನೊಂದು ಇದೆ, ಡಿಸ್ಕ್. ಮೆಮೊರಿಗೆ ಬದು ಇದೆ, ಕೋರ್‌ಗೆ ಬದು ಇದೆ. ಆದರೆ ಕಡತಗಳನ್ನು ಇಡುವ ಉಗ್ರಾಣ ಎಲ್ಲರಿಗೂ ಸೇರಿ ಒಂದೇ. ಒಬ್ಬರ ಜಾಬ್ ಲಕ್ಷಾಂತರ ಚಿಕ್ಕ ಚಿಕ್ಕ ಕಡತಗಳನ್ನು ತೆರೆದು ಮುಚ್ಚುತ್ತಿದ್ದರೆ ಉಗ್ರಾಣದ ಬಾಗಿಲಲ್ಲಿ ನೂಕುನುಗ್ಗಲು. ಬೇರೆ ಯಾರೋ ತಮ್ಮ ಒಂದು ಕಡತದ ಹೆಸರು ನೋಡಲು ಹೋದರೂ ಪರದೆ ನಿಂತುಬಿಡುತ್ತದೆ. ನಮ್ಮ ಹಂಪಿಯ ಶಿಲ್ಪಗಳನ್ನು, ಮಂಟಪಗಳನ್ನು ಸಾವಿರಾರು ಫೋಟೋಗಳಿಂದ ಮೂರು ಆಯಾಮದ ರೂಪಕ್ಕೆ ತರುವ ಕೆಲಸ ನಡೆದಿದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಡಿಜಿಟಲ್ ಹಂಪಿ ಎಂಬ ಯೋಜನೆಯನ್ನೇ ಮಾಡಿತ್ತು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನವರೂ ಅದರಲ್ಲಿ ಇದ್ದರು. ಅಂಥ ಲೆಕ್ಕ ಮಾಡುವವರಿಗೆ ನನ್ನ ಬಿನ್ನಹ ಒಂದೇ. ಸಾವಿರಾರು ಚಿತ್ರಗಳನ್ನು ಮೊದಲು ನೋಡ್‌ನ ಒಳಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ, ಆಮೇಲೆ ಓಡಿಸಿ.

ಮೆಮೊರಿ ಏರುವ ಬಗೆ ನೋಡಿದೆವು. ಕೋರ್ ದುಡಿಮೆ ನೋಡಿದೆವು. ಜಿಪಿಯು, ಡಿಸ್ಕ್ ಮುಟ್ಟಿ ಬಂದೆವು. ಇನ್ನು ಉಳಿದದ್ದು ಹೊತ್ತು. ಎಷ್ಟು ಗಂಟೆ ಕೇಳಬೇಕು?

ಗಂಗಾವತಿ, ಕಂಪ್ಲಿ ಕಡೆ ಭತ್ತದ ಕೊಯ್ಲು ಬಂದಾಗ ಕೊಯ್ಲಿನ ಯಂತ್ರಕ್ಕೆ ಎಷ್ಟು ಬೇಡಿಕೆ ಎಂದು ನಿಮಗೆ ಗೊತ್ತು. ಯಂತ್ರದವನ ಹತ್ತಿರ ಒಬ್ಬರು ಹೋಗಿ ಇಡೀ ದಿನ ಬೇಕು ಎನ್ನುತ್ತಾರೆ. ಅವನು ನಾಲ್ಕು ದಿನ ಬಿಟ್ಟು ಬರುತ್ತೇನೆ ಎನ್ನುತ್ತಾನೆ. ಇನ್ನೊಬ್ಬರು ಎರಡು ಎಕರೆ ಇದೆ, ಎರಡು ತಾಸಿನ ಕೆಲಸ ಎನ್ನುತ್ತಾರೆ. ಈ ಹೊಲ ಮುಗಿಸಿ ಆ ಊರಿಗೆ ಹೋಗುವ ದಾರಿಯಲ್ಲಿ ಮುಗಿಸಿಕೊಡುತ್ತೇನೆ ಬಾ ಎನ್ನುತ್ತಾನೆ. ಸ್ಲರ್ಮ್ ಮಾಡುವುದೂ ಅದನ್ನೇ. ದೊಡ್ಡ ಜಾಬ್‌ಗಾಗಿ ನೋಡ್‌ಗಳನ್ನು ಒಂದೊಂದಾಗಿ ಖಾಲಿ ಮಾಡಿ ಕಾಯಿಸುತ್ತಿರುತ್ತದೆ. ಆ ಕಾಯುವ ಸಂದಿನಲ್ಲಿ ಮುಗಿದುಹೋಗುವ ಚಿಕ್ಕ ಜಾಬ್ ಇದ್ದರೆ ಅದನ್ನು ಒಳಗೆ ಬಿಡುತ್ತದೆ. ಚಿಕ್ಕದು ಎಂದು ಅದಕ್ಕೆ ಗೊತ್ತಾಗುವುದು ನೀವು ಬರೆದ ಅರ್ಜಿಯಿಂದ ಮಾತ್ರ. ಮೂರು ಗಂಟೆಯ ಕೆಲಸಕ್ಕೆ, ಇರಲಿ ಎಂದು, ಮೂರು ದಿನ ಬರೆದರೆ ಸಂದಿ ಇದ್ದರೂ ನಿಮ್ಮನ್ನು ಒಳಗೆ ಬಿಡುವುದಿಲ್ಲ.

ಹಾಗೆಂದು ಮೂರು ಗಂಟೆಗೆ ಮೂರೇ ಗಂಟೆ ಬರೆದರೂ ಕಷ್ಟ. ಹೊತ್ತು ಮುಗಿದ ಕೂಡಲೇ ಮಡೆ ಕಟ್ಟುತ್ತದೆ, ಲೆಕ್ಕ ಮುಗಿದಿರಲಿ ಬಿಡಲಿ. ನಾಲ್ಕು ಗಂಟೆ ಬರೆಯಿರಿ. ಅದು ನಾಲ್ಕು ಗಂಟೆ ಎಂದು ಗೊತ್ತಾಗಬೇಕಾದರೆ ಹಿಂದೊಮ್ಮೆ ಚಿಕ್ಕದಾಗಿ ಓಡಿಸಿ, ಓಡುವಾಗ ನೋಡಿ, ಬರೆದಿಟ್ಟುಕೊಂಡಿರಬೇಕು. ಉದ್ದದ ಲೆಕ್ಕವಾದರೆ ನಡುನಡುವೆ ಉತ್ತರವನ್ನು ಉಳಿಸುತ್ತಾ ಹೋಗಬೇಕು. ಕಂಪ್ಲಿಯ ಆ ಹುಡುಗಿಯ 30 ವರ್ಷಗಳ ಲೆಕ್ಕ ವರ್ಷವರ್ಷಕ್ಕೂ ಉಳಿದಿದ್ದರೆ ಅವಳು 31ರಿಂದ ಶುರು ಮಾಡುತ್ತಿದ್ದಳು.

ಇಷ್ಟನ್ನೆಲ್ಲ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಾಲುವೆಯ ಮೇಲಿನವರು ಬೇಕಾದದ್ದಕ್ಕಿಂತ ಹೆಚ್ಚು ಹಾಯಿಸಿಕೊಂಡರೆ ಕೊನೆ ಭಾಗದವರ ಪೈರು ಒಣಗುತ್ತದೆ. ಅದು ನಮ್ಮ ಜಿಲ್ಲೆಗೆ, ಪಕ್ಕದ ಜಿಲ್ಲೆಗಳಿಗೆ ಹೊಸ ಮಾತಲ್ಲ. ಕ್ಲಸ್ಟರಿನಲ್ಲೂ ಕೊನೆ ಭಾಗದವರಿದ್ದಾರೆ. ಅವರು ಕಣ್ಣಿಗೆ ಕಾಣುವುದಿಲ್ಲ. ಸಾಲಿನಲ್ಲಿ ಒಂದು ಸಂಖ್ಯೆಯಾಗಿ ನಿಂತಿರುತ್ತಾರೆ. ಅದರಲ್ಲಿ ಸಣ್ಣ ಊರಿನ ಕಾಲೇಜಿನಿಂದ ಬಂದ, ಯಾರ ಶಿಫಾರಸೂ ಇಲ್ಲದ, ನಾಳೆ ಪ್ರಬಂಧ ಒಪ್ಪಿಸಬೇಕಾದ ಹುಡುಗ ಇರುತ್ತಾನೆ. ನೀವು ಸುಮ್ಮನೆ ಕೂರಿಸಿದ 47 ಕೋರ್‌ಗಳು ಅವನವು.

ಇನ್ನು, ರೈತ ಬಂಧುಗಳೇ, ಇದು ನಿಮಗೂ ಸೇರಿದ ಮಾತು. ಈ ರೇಡಿಯೋದಲ್ಲಿ ನೀವು ಕೇಳುವ ಹವಾಮಾನ ಮುನ್ಸೂಚನೆಯ ಹಿಂದೆಯೂ ಇಂಥದೇ ಜಾಬ್‌ಗಳಿವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಅರ್ಕ, ನೋಯ್ಡಾದ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದಲ್ಲಿ ಅರುಣಿಕ ಎಂಬ ದೊಡ್ಡ ಯಂತ್ರಗಳಿವೆ. 2024ರ ಸೆಪ್ಟೆಂಬರ್‌ನಲ್ಲಿ ಅವುಗಳ ಉದ್ಘಾಟನೆ ಆಯಿತು. ಅರ್ಕದ ಶಕ್ತಿ ಸುಮಾರು 12 ಪೆಟಾಫ್ಲಾಪ್, ಅರುಣಿಕದ್ದು 8. ಮೊದಲು 12 ಕಿಲೋಮೀಟರ್‌ಗೊಂದು ಚೌಕ ಮಾಡಿ ಮಳೆಯ ಲೆಕ್ಕ ಹಾಕುತ್ತಿದ್ದರು. 2025ರ ಮೇ ತಿಂಗಳಿಂದ 6 ಕಿಲೋಮೀಟರ್‌ನ ಚೌಕದ ಮುನ್ಸೂಚನೆ ಶುರುವಾಗಿದೆ. ಹೊಸಪೇಟೆಗೂ ಹಂಪಿಗೂ ಬೇರೆ ಬೇರೆ ಚೌಕ ಸಿಗುವಷ್ಟು ಹತ್ತಿರದ ಲೆಕ್ಕ. ಚೌಕದ ಉದ್ದ ಅರ್ಧವಾದರೆ ಚೌಕಗಳು ನಾಲ್ಕರಷ್ಟಾಗುತ್ತವೆ. ಮೆಮೊರಿಯೂ ಕೋರ್‌ಗಳೂ ಅದಕ್ಕೆ ತಕ್ಕಂತೆ ಬೇಕು. ಇಂಥ ಜಾಬ್‌ಗಳನ್ನು ಯಾರಾದರೂ ಓಡುತ್ತಿರುವಾಗಲೇ ನೋಡುತ್ತಿರಬೇಕು. ನಾಳೆಯ ಮಳೆಯ ಲೆಕ್ಕ ನಾಡಿದ್ದು ಮುಗಿದರೆ ಭತ್ತ ಕೊಯ್ದು ಒಣಹಾಕಿದವರಿಗೆ ಅದರಿಂದ ಏನು ಪ್ರಯೋಜನ?

ಕೊನೆಯದಾಗಿ ಒಂದು ಪ್ರಶ್ನೆ. ನಮ್ಮ ಮಗನಿಗೆ, ಮಗಳಿಗೆ ಕ್ಲಸ್ಟರ್ ಇನ್ನೂ ಸಿಕ್ಕಿಲ್ಲ, ಈಗಲೇ ಕಲಿಯುವುದು ಹೇಗೆ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಕ್ಲಸ್ಟರ್ ಬೇಕಿಲ್ಲ. ಹಳೆಯ ಲ್ಯಾಪ್‌ಟಾಪ್ ಸಾಕು. ಅದಕ್ಕೆ ಲಿನಕ್ಸ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಾಗಿಲ್ಲ. ಕಾಲೇಜಿನಲ್ಲಿ ಬರೆದ ಯಾವುದಾದರೂ ಒಂದು ಪ್ರೋಗ್ರಾಂ ಓಡಿಸಿ. ಪಕ್ಕದ ಕಿಟಕಿಯಲ್ಲಿ ಟಾಪ್ ತೆರೆದಿಡಿ. ಐದು ನಿಮಿಷ ಬೇರೆ ಏನೂ ಮಾಡದೆ ಅದನ್ನೇ ನೋಡಿ. ಸಿಪಿಯು ಎಂಬ ಕಡೆ ಅಂಕಿ ನೂರರ ಹತ್ತಿರ ನಿಂತಿದೆಯೇ, ಏರಿಳಿಯುತ್ತಿದೆಯೇ? ರೆಸ್ ಎಂಬ ಕಡೆ ಮೆಮೊರಿ ಮೆಟ್ಟಿಲಾಗಿದೆಯೇ, ಸಮವಾಗಿದೆಯೇ? ಪ್ರೋಗ್ರಾಂಗೆ ಕೊಡುವ ಅಂಕಿಗಳನ್ನು ಎರಡರಷ್ಟು ಮಾಡಿ ಮತ್ತೆ ಓಡಿಸಿ. ಮೆಮೊರಿ ಎರಡರಷ್ಟಾಯಿತೇ, ನಾಲ್ಕರಷ್ಟಾಯಿತೇ? ಹೊತ್ತು ಎಷ್ಟಾಯಿತು? ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಕ್ಲಸ್ಟರಿಗೆ ಅರ್ಜಿ ಬರೆಯುವ ದಿನ ಆ ಚೀಟಿ ಕೈಯಲ್ಲಿರಲಿ.